ಹಳೆಯ ಝಡ್80 ಚಿಪ್‌ಗೆ ಜೊತೆ ಯಾವುದು: ಮೆಗಾನಾ, ಪಿಕೋನಾ?

ಅಸಲಿ ಝಡ್80 ಪ್ರೊಸೆಸರ್ ಇಟ್ಟುಕೊಂಡು, ಮೆಮೊರಿ ಮತ್ತು ಕ್ಲಾಕ್ (ಪ್ರೊಸೆಸರ್ ಹೆಜ್ಜೆ ಹಾಕುವ ತಾಳ) ಕೊಡುವ ಕೆಲಸ ಹೊಸ ಬೋರ್ಡ್‌ಗೆ ವಹಿಸುವುದಾದರೆ ಮೊದಲು ವೋಲ್ಟೇಜ್ ನೋಡಿ. ಚಿಪ್ 5 ವೋಲ್ಟಿನದು. ಆರ್ಡುಯಿನೋ ಮೆಗಾ ಕೂಡ ಅಷ್ಟೇ, ನೇರವಾಗಿ ವೈರ್ ಹಾಕಬಹುದು. ರಾಸ್ಪ್‌ಬೆರಿ ಪೈ ಪಿಕೋ 3.3 ವೋಲ್ಟಿನದು, ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಬೇಕು. ಪಿನ್ನೂ ಸಾಲದು: ಮೆಮೊರಿಯ ಜಾಗ ಸೂಚಿಸುವ ಅಡ್ರೆಸ್ ಪಿನ್ 16, ಡೇಟಾ ಪಿನ್ 8, ಅಲ್ಲಿಗೇ 24 ಆಯಿತು. ಪಿಕೋದಲ್ಲಿ ಸಿಗುವುದೇ 26. ಕ್ಲಾಕ್, ರೀಡ್, ರೈಟ್ ಎಲ್ಲಿಗೆ ಹೋಗಬೇಕು?

ಮೆಮೊರಿಯಲ್ಲಿ ಲೆಕ್ಕ ತಿರುಗುತ್ತದೆ. ಮೆಗಾದ್ದು ಬರೀ 8 ಕೆಬಿ ರ್‍ಯಾಮ್. ಸಣ್ಣ ಬೇಸಿಕ್, ಅಸೆಂಬ್ಲಿ ಭಾಷೆ ಕಲಿಯಲು ಸಾಕು. ಆ ಕಾಲದ ಆಪರೇಟಿಂಗ್ ಸಿಸ್ಟಂ ಸಿಪಿ/ಎಂ ಓಡಿಸುವ ಆಸೆಯಿದ್ದರೆ 264 ಕೆಬಿಯ ಪಿಕೋದೇ ವಾಸಿ, ತಲೆನೋವು ಜಾಸ್ತಿಯಾದರೂ. ವೇಗದಲ್ಲೂ ಮೆಗಾ ಹಿಂದೆ. ಆದರೆ ಸಿಮಾಸ್ (CMOS) ಮಾದರಿಯ ಝಡ್80ಯ ಕ್ಲಾಕನ್ನು ನಿಲ್ಲಿಸಿ, ಒಂದೊಂದೇ ಹೆಜ್ಜೆ ಇಡಿಸಿ ಬಸ್ (ಅಡ್ರೆಸ್, ಡೇಟಾ ತಂತಿಗಳು) ಓದಬಹುದು. ಕಲಿಯುವವರಿಗೆ ನಿಧಾನವೇ ಲಾಭ ಅಲ್ವಾ?

ಚಿಪ್ ಸಿಗುವ ಮಾತು ಬೇರೆ. ಇದನ್ನು ತಯಾರಿಸುತ್ತಿದ್ದ ಝೈಲಾಗ್ ಕಂಪನಿ 2024ರಲ್ಲಿ 40 ಕಾಲಿನ ಝಡ್80ಗೆ ಆರ್ಡರ್ ನಿಲ್ಲಿಸಿತು. ಮಾರುಕಟ್ಟೆಯಲ್ಲಿ ಹೆಸರು ಅಳಿಸಿ ಮರುಮುದ್ರಿಸಿದವೂ ಇವೆ. ಸುಮ್ನೆ ಪ್ರೋಗ್ರಾಂ ಬರೆಯುವ ಖುಷಿ ಸಾಕೆಂದರೆ ಚಿಪ್ಪೇ ಬೇಡ, ಪಿಕೋದಲ್ಲಿ ಝಡ್80ಯನ್ನು ಅನುಕರಿಸುವ ಎಮ್ಯುಲೇಟರ್ ಹಾಕಿ. ಹೊಸ ಅಸಲಿ ಚಿಪ್ಪೇ ಬೇಕು, ಆದರೆ ಝಡ್80ಯೇ ಆಗಬೇಕೆಂದಿಲ್ಲ ಎನ್ನುವವರು 65ಸಿ02 ಎಂಬ ಇನ್ನೊಂದು ಪ್ರೊಸೆಸರ್ ಕಡೆ ನೋಡಬಹುದು.