ಸಿಮ್ಯುಲೇಷನ್ ಚಿತ್ರಗಳನ್ನೇ ಲ್ಯಾಬ್ ಅಳತೆ ಎಂದು ಕೊಟ್ಟು ದುಡ್ಡು ಎಣಿಸಿಕೊಳ್ಳುವವರಿದ್ದಾರೆ, ಎಚ್ಚರ

ಹೊರಗಿನವರಿಂದ ಪವರ್ ಸಪ್ಲೈ ವಿನ್ಯಾಸ ಮಾಡಿಸಿ, ಪರೀಕ್ಷಾ ವರದಿ ಕೈಗೆ ಬಂದೊಡನೆ ಬಾಕಿ ಚುಕ್ತಾ ಮಾಡುವ ಸಣ್ಣ ಉದ್ದಿಮೆಯವರು ಇದನ್ನು ದಯವಿಟ್ಟು ಕೊನೆಯವರೆಗೆ ಓದಿ. ನನ್ನಿಂದ ಪೂರ್ತಿ ಹಣ ಪಡೆದ ವಿನ್ಯಾಸಕಾರರು ಕೊಟ್ಟ ವರದಿಯಲ್ಲಿ ಒಂದೇ ಒಂದು ನಿಜವಾದ ಅಳತೆ ಇರಲಿಲ್ಲ. ಒಂದೇ ಒಂದು! ‘ಅಳೆದ ಮೌಲ್ಯ’ ಎಂಬ ಕಾಲಂ ಇತ್ತು, ವೋಲ್ಟೇಜಿನ ಏರಿಳಿತ ಅಳೆದು ತೋರಿಸುವ ಆಸಿಲೋಸ್ಕೋಪಿನ ಹೆಸರಿತ್ತು, ಸಹಿ ಇತ್ತು, ಮೊಹರೂ ಇತ್ತು. ಅಳತೆ ಮಾತ್ರ ಇರಲಿಲ್ಲ. ಇದ್ದದ್ದು ಸಿಮ್ಯುಲೇಷನ್, ಅಂದರೆ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಬರೆಸಿದ ಚಿತ್ರ.

ನಮ್ಮದು ಪೀಣ್ಯದಲ್ಲಿ ವಾಹನಗಳ ಟ್ರ್ಯಾಕರ್ ತಯಾರಿಸುವ ಸಣ್ಣ ಘಟಕ. ವಾಹನದ 12 ವೋಲ್ಟನ್ನು 4 ವೋಲ್ಟ್‌ಗೆ ಇಳಿಸಿ, ಮೊಬೈಲ್ ನೆಟ್‌ವರ್ಕಿಗೆ ಜೋಡಿಸುವ ಜಿಎಸ್‌ಎಂ (2ಜಿ) ಮೋಡೆಮ್‌ಗೆ ಕೊಡುವ ಬಕ್ ಕನ್ವರ್ಟರ್ ಬೇಕಿತ್ತು. ಈ ಕೆಲಸದಲ್ಲಿರುವವರಿಗೆ ಗೊತ್ತು, 2ಜಿ ಮೋಡೆಮ್ ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ. 4.615 ಮಿಲಿಸೆಕೆಂಡಿಗೊಮ್ಮೆ, 577 ಮೈಕ್ರೋಸೆಕೆಂಡ್ ಕಾಲ, ಹತ್ತಿರ ಹತ್ತಿರ 2 ಆಂಪಿಯರ್ ಎಳೆಯುತ್ತದೆ. ಸಿಗ್ನಲ್ ದುರ್ಬಲವಾದಷ್ಟೂ ಎಳೆತ ಜೋರು. ಆ ಹೊಡೆತಕ್ಕೆ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎನ್ನುವುದೇ ಇಡೀ ವಿನ್ಯಾಸದ ಪರೀಕ್ಷೆ. ವರದಿ ಹೇಳಿದ್ದು, ಕುಸಿತ 0.2 ವೋಲ್ಟ್, ಅಂದರೆ 3.8ಕ್ಕೆ ಬಂದು ನಿಲ್ಲುತ್ತದೆ ಎಂದು. ಅದನ್ನು ನೋಡಿಯೇ ಕೊನೆಯ ಕಂತು ಕೊಟ್ಟೆ.

ಗ್ರಾಹಕರ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ, ಅವರ ಖರೀದಿ ವಿಭಾಗದವರೆಲ್ಲ ಸುತ್ತ ನಿಂತಿದ್ದಾಗ, ಟ್ರ್ಯಾಕರ್ ನೆಟ್‌ವರ್ಕ್ ಹಿಡಿಯಲು ಹೊರಟಾಗಲೆಲ್ಲ ರೀಸೆಟ್ ಆಯಿತು. ದೀಪ ಹೊತ್ತುತ್ತದೆ, ಆರುತ್ತದೆ, ಮತ್ತೆ ಹೊತ್ತುತ್ತದೆ. ಯಾರೂ ಒಂದು ಮಾತು ಆಡಲಿಲ್ಲ. ಆ ಅವಮಾನ ನನಗೆ ಇವತ್ತಿಗೂ ಆರಿಲ್ಲ.

ಘಟಕಕ್ಕೆ ವಾಪಸಾಗಿ ಆಸಿಲೋಸ್ಕೋಪಿನ ಪ್ರೋಬ್ ಹಚ್ಚಿದರೆ ವೋಲ್ಟೇಜ್ 3.3ಕ್ಕಿಂತ ಕೆಳಗೆ ಬೀಳುತ್ತಿದೆ, ಮೇಲೆದ್ದು ನಾಲ್ಕಾರು ಬಾರಿ ತೂಗಾಡಿ ಆಮೇಲೆ ನಿಲ್ಲುತ್ತಿದೆ. ಫೋನ್ ಮಾಡಿದೆ. ಅವರ ಮೊದಲ ಉತ್ತರ: “ನಿಮ್ಮ ಪ್ರೋಬ್ ಹಿಡಿಯುವ ಕ್ರಮ ಸರಿಯಿಲ್ಲ ಸಾರ್, ಗ್ರೌಂಡ್ ತಂತಿ ತೀರಾ ಉದ್ದ ಇಟ್ಟಿದ್ದೀರಿ ಅನ್ನಿಸುತ್ತದೆ.” ಪ್ರೋಬಿನ ಉದ್ದ ತಂತಿ ತರುವ ನಡುಕ ನೂರು ಮೆಗಾಹರ್ಟ್ಸ್ ಆಸುಪಾಸಿನದು. ಹತ್ತಾರು ಮೈಕ್ರೋಸೆಕೆಂಡ್ ಉಳಿಯುವ ಕುಸಿತ ಅದರಿಂದ ಬರುವುದಿಲ್ಲ. ಅದನ್ನು ಹೇಳಿದ ಕೂಡಲೇ ಮಾತು, ವೋಲ್ಟೇಜ್ ಕುಸಿಯದಂತೆ ಹಿಡಿದಿಡುವ ಕೆಪಾಸಿಟರಿನತ್ತ ತಿರುಗಿತು: “ಹಾಗಾದರೆ ಕೆಪಾಸಿಟರ್ ನಕಲಿ. ಎಸ್.ಪಿ. ರೋಡಿನಲ್ಲಿ ತಂದಿರುತ್ತೀರಿ.” ಅಧಿಕೃತ ವಿತರಕರ ಬಿಲ್ ಕಳುಹಿಸಿದೆ. ಆಗ ಬಂದ ಸಂದೇಶ ಹೀಗಿತ್ತು: “ಕೆಪಾಸಿಟರ್ ಬಿಚ್ಚಿ, ಅದರ ಮೌಲ್ಯ ತೋರಿಸುವ ಎಲ್‌ಸಿಆರ್ ಮೀಟರಿನಲ್ಲಿ ಅಳೆಯಿರಿ. 22 ತೋರಿಸಿದರೆ ನನ್ನ ವಿನ್ಯಾಸ ಸರಿ, ತಪ್ಪು ನಿಮ್ಮ ಜೋಡಣೆಯದು.”

ಬಿಚ್ಚಿ ಅಳೆದೆವು. 22 ಮೈಕ್ರೋಫ್ಯಾರಡ್‌ಗೆ ತೀರಾ ಹತ್ತಿರ ತೋರಿಸಿತು. ತೋರಿಸಲೇಬೇಕು! ಅವರು ಆ ಪರೀಕ್ಷೆಯನ್ನು ಸೂಚಿಸಿದ್ದೇ ಅದಕ್ಕೆ. ಕೈಯಲ್ಲಿ ಹಿಡಿಯುವ ಮೀಟರ್ ಕೆಪಾಸಿಟರಿನ ಮೇಲೆ ಡಿಸಿ ವೋಲ್ಟೇಜ್ ಹೇರದೆ ಅಳೆಯುತ್ತದೆ. ಡಿಸಿ ಬಯಾಸ್ ಕೊಡುವ ಸೌಲಭ್ಯವಿದ್ದ ಪರಿಚಿತರ ಮೀಟರಿನಲ್ಲಿ ಅದೇ ಬಿಡಿಭಾಗವನ್ನು ಇಟ್ಟು 4 ವೋಲ್ಟ್ ಹೇರಿದರೆ ಮೌಲ್ಯ ಅರ್ಧಕ್ಕಿಂತ ಕೆಳಗೆ ಬಂತು. 0603 ಗಾತ್ರದ, 6.3 ವೋಲ್ಟ್‌ನ, ಎಕ್ಸ್5ಆರ್ ಸೆರಾಮಿಕ್ ಅದು. ಅದರೊಳಗೆ ಬಳಸುವ ಬೇರಿಯಂ ಟೈಟನೇಟಿನ ಗುಣವೇ ಹಾಗೆ, ವೋಲ್ಟೇಜ್ ಏರಿದಂತೆ ಧಾರಣ ಶಕ್ತಿ ಇಳಿಯುತ್ತದೆ. ಎಕ್ಸ್5ಆರ್ ಎಂಬ ಗುರುತು ಹೇಳುವುದು ಮೈನಸ್ 55ರಿಂದ 85 ಡಿಗ್ರಿಯವರೆಗೆ ಮೌಲ್ಯ ಶೇ. 15ಕ್ಕಿಂತ ಹೆಚ್ಚು ಆಚೀಚೆ ಆಗದು ಎಂದಷ್ಟೇ. ಡಿಸಿ ವೋಲ್ಟೇಜಿನ ಬಗ್ಗೆ ಅದರಲ್ಲಿ ಚಕಾರವಿಲ್ಲ. ಅವರ ಸಿಮ್ಯುಲೇಷನ್ ಫೈಲಿನಲ್ಲಿ 22ರ ಎರಡು ಕೆಪಾಸಿಟರಿಗೆ ಒಟ್ಟು 44 ಎಂದು ಬರೆದು ಮುಗಿಸಿದ್ದರು. ಒಳರೋಧವೂ ಇಲ್ಲ, ಏನೂ ಇಲ್ಲ.

ಇಷ್ಟೇ ಆಗಿದ್ದರೆ ಅಜ್ಞಾನ ಎಂದು ಬಿಡುತ್ತಿದ್ದೆ. ಮಾಡೆಲ್ಲಿಗೂ ಬೋರ್ಡಿಗೂ ಅಂತರ ಇದ್ದೇ ಇರುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಹುಟ್ಟಿದ ಸ್ಪೈಸ್ ಎಂಬ ಸಿಮ್ಯುಲೇಷನ್ ತಂತ್ರಾಂಶ ಅದ್ಭುತ ಸಾಧನ, ನಾನೂ ದಿನಾ ಬಳಸುತ್ತೇನೆ. ಕೊಟ್ಟ ಸಂಖ್ಯೆಗೆ ತಕ್ಕ ಉತ್ತರ ಅದು ಕೊಡುತ್ತದೆ. ಆದರೆ ಇವರು ‘ಅಳೆದಿದ್ದೇನೆ’ ಎಂದು ಬರೆದು ಸಹಿ ಹಾಕಿದ್ದರಲ್ಲ? ಜಾತಕ ನೋಡಿ ಜ್ವರವಿಲ್ಲ ಎಂದು ಸರ್ಟಿಫಿಕೇಟ್ ಕೊಟ್ಟ ಹಾಗೆ!

ಮೋಸ ಬಯಲಾದದ್ದು ಅಂಕಿಗಳ ಮೂಲ ಫೈಲ್ ಕೇಳಿದಾಗ. ಬಹಳ ಪೀಡಿಸಿದ ಮೇಲೆ ಕಳುಹಿಸಿದರು. ತೆರೆದು ಮೊದಲ ಕಾಲಂ ನೋಡಿದೆ, ಸಮಯದ್ದು. ಸಾಲಿನಿಂದ ಸಾಲಿಗೆ ಅಂತರ ಒಂದೇ ಇಲ್ಲ. ವೋಲ್ಟೇಜ್ ಬೇಗ ಬದಲಾಗುವ ಕಡೆ ಸಾಲುಗಳು ಒತ್ತೊತ್ತಾಗಿವೆ, ಸಮತಟ್ಟಾದ ಕಡೆ ದೂರ ದೂರ. ಕೈ ತಣ್ಣಗಾಯಿತು. ಆಸಿಲೋಸ್ಕೋಪ್ ಸಮಾನ ಅಂತರದಲ್ಲಿ ಸ್ಯಾಂಪಲ್ ತೆಗೆಯುತ್ತದೆ. ಬೇಕಾದ ಕಡೆ ಹೆಜ್ಜೆ ಕಿರಿದು ಮಾಡಿ ಬೇಡದ ಕಡೆ ಹಾರಿ ಹೋಗುವುದು ಸ್ಪೈಸಿನ ಕ್ರಮ. ಎರಡನೆಯ ಕಾಲಂನಲ್ಲಿ ದಶಾಂಶದ ಮುಂದೆ ಸಾಲುಗಟ್ಟಿದ ಅಂಕಿಗಳು, ಎಲ್ಲ ಸಾಲುಗಳಲ್ಲೂ ಬೇರೆ ಬೇರೆ ಮೌಲ್ಯ. ವರದಿಯಲ್ಲಿ ಹೆಸರಿಸಿದ ಆಸಿಲೋಸ್ಕೋಪ್ 8 ಬಿಟ್‌ನದು, ಅದು ಗುರುತಿಸುವುದೇ 256 ಮಟ್ಟಗಳನ್ನು, ಹಾಗಾಗಿ ಅದೇ ಮೌಲ್ಯಗಳು ಮತ್ತೆ ಮತ್ತೆ ಬರಬೇಕಿತ್ತು. ಸದ್ದು (ನಾಯ್ಸ್, ನಿಜವಾದ ಅಳತೆಯಲ್ಲಿ ಸೇರಿಕೊಳ್ಳುವ ಸಣ್ಣ ಏರುಪೇರು) ಎಂಬುದು ಎಲ್ಲೂ ಇಲ್ಲ. ಸ್ವಿಚಿಂಗ್ ರೆಗ್ಯುಲೇಟರಿನ ಪಕ್ಕ ಕುಳಿತ ಪ್ರೋಬ್‌ಗೆ ಸದ್ದೇ ಇಲ್ಲವೆಂದರೆ ಪ್ರೋಬೇ ಇರಲಿಲ್ಲ ಎಂದರ್ಥ. ‘ಪ್ರಯೋಗಾಲಯದ ಉಷ್ಣತೆ’ ಎಂದು ಕೊಟ್ಟಿದ್ದ 27 ಡಿಗ್ರಿ ಕೂಡ, ನಾವು ಬದಲಿಸದಿದ್ದರೆ ಸ್ಪೈಸ್ ತಾನೇ ಹಿಡಿಯುವ ಉಷ್ಣತೆ.

ಇದಕ್ಕೆ ಅವರ ಉತ್ತರ: “ಹುಡುಗ ತಪ್ಪು ಫೈಲ್ ಕಳುಹಿಸಿದ್ದಾನೆ.” ಸರಿಯಾದ ಫೈಲ್ ಕಳುಹಿಸಿ ಎಂದೆ. “ಅದು ಹಳೆಯ ಕಂಪ್ಯೂಟರಿನಲ್ಲಿತ್ತು.” ಬೋರ್ಡನ್ನು ನನ್ನೆದುರು ಅಳೆದು ತೋರಿಸಿ ಎಂದೆ. “ಮಾಡೆಲ್ ತಯಾರಕರೇ ಕೊಟ್ಟಿದ್ದು ಸಾರ್, ಅದಕ್ಕಿಂತ ನಿಖರ ನಿಮಗೆ ಇನ್ನೇನು ಬೇಕು?” ತಯಾರಕರು ಕೊಟ್ಟದ್ದು ರೆಗ್ಯುಲೇಟರ್ ಐಸಿಯ ಮಾಡೆಲ್. ಕೆಪಾಸಿಟರ್ ಇವರು ಕೈಯಾರೆ ಬರೆದ 44. ಕೆಪಾಸಿಟರ್ ತಯಾರಿಸುವ ಮುರಾಟಾದಂಥ ಕಂಪನಿಗಳು ತಮ್ಮ ಸೆರಾಮಿಕ್ ಕೆಪಾಸಿಟರುಗಳ ಡಿಸಿ ಬಯಾಸ್ ವಕ್ರರೇಖೆಯನ್ನು ಪುಕ್ಕಟೆಯಾಗಿ ತೋರಿಸುತ್ತವೆ. ಅದನ್ನು ತೆರೆದು ನೋಡುವಷ್ಟು ಶ್ರಮವನ್ನೂ ಈ ಮಹಾಶಯರು ತೆಗೆದುಕೊಂಡಿಲ್ಲ.

ನಿಮಗೆ ಹೇಳುವುದಿಷ್ಟು. ಚಿತ್ರ ನೋಡಿ ಹಣ ಕೊಡಬೇಡಿ, ಅಂಕಿಗಳ ಮೂಲ ಫೈಲ್ ಕೇಳಿ, ಸಮಯದ ಕಾಲಂ ಮೊದಲು ನೋಡಿ. ಉಪಕರಣದ ಸರಣಿ ಸಂಖ್ಯೆ, ಕ್ಯಾಲಿಬ್ರೇಷನ್ ದಿನಾಂಕ ಇಲ್ಲದ ವರದಿಯನ್ನು ಹಿಂದಕ್ಕೆ ಕಳುಹಿಸಿ. ಕೊನೆಯ ಕಂತು ನಿಮ್ಮ ಮೇಜಿನ ಮೇಲೆ, ನಿಮ್ಮ ನಿಜವಾದ ಲೋಡ್ ಹಾಕಿ ಅಳೆದ ಮೇಲೆಯೇ. “ಇಷ್ಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇವೆ, ನಮ್ಮ ಮೇಲೆ ನಂಬಿಕೆ ಇಲ್ಲವೇ” ಎಂದು ಮುಖ ಸಣ್ಣದು ಮಾಡುತ್ತಾರೆ. ಮಾಡಿಕೊಳ್ಳಲಿ.

ಹಣ ವಾಪಸು ಕೇಳಿದ್ದೇನೆ, ಬಂದಿಲ್ಲ. ಕಳೆದ ವಾರ ಅವರ ಕಡೆಯಿಂದ ಬಂದದ್ದು ಹೊಸದೊಂದು ಕೊಟೇಶನ್. ಬೋರ್ಡ್ ಮೇಲೆ ಅಳತೆ ಮಾಡಿಕೊಡಲು ಪ್ರತ್ಯೇಕ ಶುಲ್ಕ, ಜಿಎಸ್‌ಟಿ ಬೇರೆ, ಅರ್ಧ ಮುಂಗಡ. ಹಾಗಾದರೆ ಮೊದಲು ಹಣ ಪಡೆದದ್ದು ಯಾವ ಅಳತೆಗೆ ಎಂದು ಬರೆದು ಕೇಳಿದ್ದೇನೆ. ಅದಕ್ಕೆ ಮಾತ್ರ ಉತ್ತರವಿಲ್ಲ. ಆ ಕೊಟೇಶನ್ನಿನ ಪ್ರತಿಯೂ ನೋಟಿಸಿನ ಜೊತೆಗೆ ವಕೀಲರ ಕೈ ಸೇರಿದೆ.