ರಾಮೇಶ್ವರಕ್ಕೆ ಹೋಗೋರು ಬಲಮುರಿ ಶಂಖ ಮಾರೋರ ಬಗ್ಗೆ ಹುಷಾರಾಗಿರಿ

ತುಮಕೂರು ಕಡೆಯಿಂದ ಮಧುರೈ, ರಾಮೇಶ್ವರ, ಕನ್ಯಾಕುಮಾರಿ ಅಂತ ಪ್ಯಾಕೇಜ್ ಬಸ್ಸಲ್ಲಿ ಹೊರಟಿರೋರು ಯಾರಾದ್ರೂ ಇದ್ರೆ ದಯವಿಟ್ಟು ಇದನ್ನ ಪೂರ್ತಿ ಓದಿ, ಮನೇಲಿ ವಯಸ್ಸಾದೋರು ಹೋಗ್ತಿದ್ರೆ ಕೂತು ಅವ್ರಿಗೆ ಓದಿ ಹೇಳಿ. ನಮ್ದು 14,000 ರೂಪಾಯಿ ಹೋಯ್ತು. ದುಡ್ಡು ಹೋಗಿದ್ದು ಒಂದು ಕಡೆ, ಆಮೇಲೆ ಆ ಅಂಗಡಿಯವನು ಆಡಿದ ಮಾತಿದೆಯಲ್ಲ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ.

ದುಡ್ಡು ನಮ್ಮತ್ತೇದು. ತಿಪಟೂರಲ್ಲಿ ಕೊಬ್ಬರಿ ಹಾಕಿ ಬಂದಿದ್ದರಲ್ಲಿ ಅಷ್ಟಿಷ್ಟು ಎತ್ತಿಟ್ಕೊಂಡಿದ್ರು, ರಾಮೇಶ್ವರಕ್ಕೆ ಹೋದಾಗ ಮನೆಗೆ ಒಂದು ಬಲಮುರಿ ಶಂಖ (ಬಾಯಿ ಬಲಗಡೆಗೆ ಇರೋ ಅಪರೂಪದ ಶಂಖ) ತರ್ಬೇಕು ಅಂತ ಎಷ್ಟೋ ವರ್ಷದ ಆಸೆ.

ರಾಮೇಶ್ವರ ಗೊತ್ತಲ್ಲ, ಪಾಂಬನ್ ಸೇತುವೆ ದಾಟಿ ಹೋಗೋ ದ್ವೀಪ. ಶಂಖ, ಚಿಪ್ಪಿನ ಕೆಲ್ಸ ಅಲ್ಲಿ ಹಿಂದಿನಿಂದ್ಲೂ ಇದ್ದಿದ್ದೇ, ಬಂಗಾಳದ ಹೆಂಗಸ್ರು ಹಾಕೋ ಶಂಖದ ಬಳೆಗೂ ಮನ್ನಾರ್ ಕೊಲ್ಲಿ ಕಡೆಯಿಂದಾನೇ ಶಂಖ ಹೋಗ್ತಿತ್ತು. ಅಂದ್ರೆ ಕಸುಬು ಸುಳ್ಳಲ್ಲ. ಅಗ್ನಿತೀರ್ಥದ ದಡದಲ್ಲಿ ಒಬ್ರು ಅಜ್ಜಿ ಕೂತಿದ್ರು, ಸಣ್ಣ ಸಣ್ಣ ಚಿಪ್ಪು ದಾರಕ್ಕೆ ಪೋಣಿಸಿ, ಪ್ರತಿ ಚಿಪ್ಪಿಗೂ ಒಂದು ಗಂಟು ಹಾಕಿ, ದಾರದ ತುದಿ ಹಲ್ಲಲ್ಲಿ ಕಚ್ಚಿ ಬಿಗಿ ಎಳೀತಿದ್ರು, ನಮ್ಮ ಕಣ್ಮುಂದೇನೇ ಒಂದು ತೋರಣ ಮುಗಿಸಿದ್ರು. 120 ರೂಪಾಯಿ ಅಂದ್ರು. ನಾನು ಪರ್ಸ್ ತೆಗೀತಿದ್ದೆ, ಅಷ್ಟರಲ್ಲಿ ನಮ್ಮ ಬಸ್ಸಿನ ಗೈಡ್ ಓಡಿ ಬಂದ. "ಇಲ್ಲಿ ತಗೋಬೇಡಿ ಮೇಡಂ, ಎಲ್ಲಾ ಡೂಪ್ಲಿಕೇಟ್, ದರ್ಶನ ಮುಗಿದ ಮೇಲೆ ಕುಶಲಕರ್ಮಿಗಳೇ ನಡೆಸೋ ಜಾಗಕ್ಕೆ ಕರ್ಕೊಂಡು ಹೋಗ್ತೀನಿ, ಫ್ಯಾಕ್ಟರಿ ರೇಟು" ಅಂದ. ಆ ಅಜ್ಜಿ ಮುಖ ನೋಡೋಕಾಗ್ಲಿಲ್ಲ. ಡೂಪ್ಲಿಕೇಟ್ ಯಾರದ್ದು ಅಂತ ಈಗ ಗೊತ್ತಾಗ್ತಿದೆ!

ಇಪ್ಪತ್ತೆರಡು ತೀರ್ಥ ಸ್ನಾನ ಮಾಡಿ, ದರ್ಶನದ ಕ್ಯೂ ನಿಂತು, ಎಲ್ರಿಗೂ ಹೊಟ್ಟೆ ಹಸಿದು ಸಾಕಾಗಿರೋ ಹೊತ್ತಿಗೆ ಬಸ್ ಸೀದಾ ಆ ಅಂಗಡಿ ಮುಂದೆ ನಿಲ್ಸಿದ್ರು. ಊಟ ಇದಾದ್ಮೇಲೆ ಅಂತೆ. ಬಾಗಿಲ ಹತ್ರ ಒಬ್ಬ ಮಾಸ್ಕ್ ಹಾಕ್ಕೊಂಡು ಚಕ್ರಕ್ಕೆ ಶಂಖ ಹಿಡಿದು ಉಜ್ತಾ ಇದ್ದ, ಧೂಳು ಹಾರ್ತಿತ್ತು, ನೋಡಿದ್ರೆ ನಿಜವಾಗ್ಲೂ ಇಲ್ಲೇ ತಯಾರಿಸ್ತಾರೆ ಅನ್ಸುತ್ತೆ. ನಾವು ಒಳಗೆ ಹೋಗುವಾಗ ಅವನ ಕೈಲಿದ್ದಿದ್ದೂ ಅದೇ ಶಂಖ, ಅಷ್ಟು ಹೊತ್ತು ಬಿಟ್ಟು ಹೊರಗೆ ಬರುವಾಗ್ಲೂ ಅದೇ ಶಂಖ. ಒಳಗೆ ಎಸಿ ಹಾಲು, ಸಮುದ್ರದಲ್ಲಿ ಮುಳುಗಿ ಶಂಖ ತೆಗೆಯೋರ ವಿಡಿಯೋ, ಎಲ್ರಿಗೂ ಒಂದೊಂದು ಲೋಟ ಟೀ.

"ಎಲ್ಲಿಂದ ಅಮ್ಮಾ? ತುಮಕೂರಾ? ಸಿದ್ಧಗಂಗೆ ಸ್ವಾಮಿಗಳ ಊರು!" ಅಂತ ಅಂಗಡಿಯವನು ಹೇಳಿದ್ದೇ ತಡ, ನಮ್ಮತ್ತೆ ಕಣ್ಣಲ್ಲಿ ನೀರು. ಅಷ್ಟು ಸಾಕಾಯ್ತು ಅವ್ನಿಗೆ. ಗಾಜಿನ ಕಪಾಟಿಂದ ಒಂದು ಶಂಖ ತೆಗೆದ, ಕೆಂಪು ವೆಲ್ವೆಟ್ ಮೇಲಿಟ್ಟ, ಊದೋ ತುದಿ ಕೆಳಗೆ ಮಾಡಿ ಮೂತಿ ಮೇಲೆ ಮಾಡಿ ತೋರಿಸ್ದ, ನೋಡಿ ಬಾಯಿ ಬಲಕ್ಕಿದೆ, ವಲಂಪುರಿ (ತಮಿಳಲ್ಲಿ ಬಲಮುರಿಗೆ ಹಂಗಂತಾರೆ), ನಮ್ಮ ಮನ್ನಾರ್ ಸಮುದ್ರದ್ದು, ಲಕ್ಷಕ್ಕೊಂದು ಸಿಗೋದು ಅಂದ. ಲಕ್ಷಕ್ಕೊಂದು ಸಿಗೋ ಅಂಥವನ್ನ ಅದೇ ಕಪಾಟಲ್ಲಿ ಸಾಲಾಗಿ ಜೋಡಿಸಿಟ್ಟಿದ್ದ ಕಣ್ರಿ! ಆಮೇಲೆ ಕಿವಿಗೆ ಹಿಡಿದು ಓಂಕಾರ ಕೇಳಿಸ್ದ. (ಓಂಕಾರ ಅಲ್ಲ ಅದು, ಸುತ್ತಲಿನ ಸದ್ದೇ ಟೊಳ್ಳೊಳಗೆ ಗುಂಯ್ ಅನ್ನೋದು, ಮನೇಲಿ ಸ್ಟೀಲ್ ಲೋಟ ಕಿವಿಗೆ ಹಿಡಿದು ನೋಡಿ, ಹಂಗೇ ಕೇಳುತ್ತೆ.) ಆಮೇಲೆ ಅಕ್ಕಿ ತಟ್ಟೆ ಮೇಲಿಟ್ಟು ತಾನಾಗೇ ತಿರುಗುತ್ತೆ ಅಂತ ತೋರಿಸ್ದ. ಉಬ್ಬಿರೋ ಹೊಟ್ಟೆ ಅಕ್ಕಿ ಮೇಲೆ ಇಟ್ರೆ ಉರುಳದೆ ಇನ್ನೇನಾಗುತ್ತೆ?

32,000 ಅಂದವನು "ಸ್ವಾಮಿಗಳ ಊರಿನವರು, ಅಮ್ಮನ ಮುಖ ನೋಡಿ ಕೊಡ್ತಿದೀನಿ" ಅಂತ 14,000ಕ್ಕೆ ಇಳಿದ. ನಮ್ಮ ಯಜಮಾನ್ರು ಬಿಲ್ ಕೇಳಿದ್ರು. ಜಿಎಸ್‌ಟಿ ಬಿಲ್ ಆದ್ರೆ ರೇಟು ಜಾಸ್ತಿ ಆಗುತ್ತೆ ಸಾರ್, ಸರ್ಟಿಫಿಕೇಟ್ ಕೊಡ್ತೀವಲ್ಲ ಅಂತ ಒಂದು ಎಸ್ಟಿಮೇಟ್ ಚೀಟಿ ಕೊಟ್ಟ, ಹೊಳೆಯೋ ಸ್ಟಿಕ್ಕರ್ ಅಂಟಿಸಿರೋ ಲ್ಯಾಮಿನೇಷನ್ ಸರ್ಟಿಫಿಕೇಟ್ ಕೊಟ್ಟ. ಫೋನ್‌ಪೇ ಮಾಡಿದ್ದು ಅಂಗಡಿ ಹೆಸ್ರಿಗಲ್ಲ, ಯಾರೋ ಒಬ್ಬ ವ್ಯಕ್ತಿ ಹೆಸ್ರು ಬಂತು. ಹೊರಗೆ ಬಸ್ ಹಾರ್ನ್ ಮೇಲೆ ಹಾರ್ನ್. ಯೋಚ್ನೆ ಮಾಡೋಕೆ ಬಿಡ್ಬಾರ್ದು ಅಂತಾನೇ ಅದು, ಎಲ್ಲಾ ಒಂದೇ ಕಂಪ್ನಿ.

ಈಗ ಅಸಲಿ ವಿಷ್ಯ. ಕಾರ್ತಿಕ ಸೋಮವಾರ ಪೂಜೆ ಇಟ್ಕೊಂಡ್ವಿ, ಬೀಗರು, ನೆಂಟರು, ಪಕ್ಕದ ಮನೆಯವ್ರು ಎಲ್ಲಾ ಬಂದಿದ್ರು, ಅತ್ತೆ ಎಲ್ರಿಗೂ ಶಂಖ ತೋರಿಸ್ತಾ ಇದ್ರು. ನಮ್ಮ ಚಿಕ್ಕಪ್ಪನ ಮಗ ಪಿಯು ಕಾಲೇಜಲ್ಲಿ ಜೀವಶಾಸ್ತ್ರದ ಲೆಕ್ಚರರ್. ಅವ್ನು ಶಂಖ ಕೈಗೆ ತಗೊಂಡ, ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡ್ದ. "ಅಕ್ಕಾ, ದೇವರ ಮನೇಲಿ ಹಳೇ ಊದೋ ಶಂಖ ಇದ್ಯಲ್ಲ, ಅದನ್ನ ಸ್ವಲ್ಪ ಕೊಡು" ಅಂದ. ಅದು ಅತ್ತೆ ತವರುಮನೆಯಿಂದ ಬಂದಿದ್ದು. "ಒಳಗೆ ನಡುವೆ ಕಂಬದ ಥರ ಇದೆ, ಬೆರಳಿಟ್ಟು ನೋಡು" ಅಂದ. ಹಳೇ ಶಂಖದಲ್ಲಿ ಬೆರಳಿಗೆ ಏಣು ಏಣಾಗಿ ತಡೀತು, ಸ್ಪಷ್ಟವಾಗಿ ಮೂರು ಗೀರು ಎದ್ದಿರೋದು ಗೊತ್ತಾಗ್ತಿತ್ತು. ಹೊಸದರಲ್ಲಿ ಬೆರಳಿಟ್ಟೆ, ನುಣ್ಣಗೆ ಜಾರಿ ಹೋಯ್ತು. ಮತ್ತೆ ಇಟ್ಟೆ. ಮತ್ತೆ ನುಣ್ಣಗೆ. ಆವಾಗ ಹೊಟ್ಟೆಯೊಳಗೆ ಏನೋ ಕಲಸಿದಂಗಾಯ್ತು.

ಅವ್ನು ಹೇಳಿದ್ದು ಇಷ್ಟು. ನಮ್ಮ ಪೂಜೆ ಶಂಖ ಟರ್ಬಿನೆಲ್ಲಾ ಪೈರಮ್ ಅನ್ನೋ ಜಾತಿ, ದಪ್ಪ, ತೂಕ, ಒಳಗಿನ ಕಂಬಕ್ಕೆ ಮೂರರಿಂದ ಐದು ಏಣು ಇರುತ್ತೆ, ಅದ್ರಲ್ಲಿ ಬಲಮುರಿ ಹುಟ್ಟೋದು ತೀರಾ ಅಪರೂಪ. ಇವ್ರು ಮಾರೋದು ಲೈಟ್ನಿಂಗ್ ವೆಲ್ಕ್ ಅನ್ನೋ ಬೇರೆ ಜಾತಿ ಚಿಪ್ಪು, ಅದು ಹುಟ್ಟೋದೇ ಸಾಮಾನ್ಯವಾಗಿ ಬಲಮುರಿ ಥರಾನೇ ಸುತ್ತಿಕೊಂಡು, ಅದ್ರಲ್ಲಿ ಅಪರೂಪ ಏನೂ ಇಲ್ಲ. ಸಿಗೋದು ಅಮೆರಿಕದ ಪೂರ್ವ ಕರಾವಳಿ, ಮೆಕ್ಸಿಕೋ ಕೊಲ್ಲಿಲಿ. ಟೆಕ್ಸಾಸ್ ರಾಜ್ಯ 1987ರಲ್ಲಿ ಅದನ್ನ ತನ್ನ ರಾಜ್ಯದ ಚಿಪ್ಪು ಅಂತಾನೇ ಮಾಡ್ಕೊಂಡಿದೆ. ಮೈಮೇಲಿನ ಕಂದು ಗೆರೆ ಹೋಗೋ ಹಂಗೆ ಪಾಲಿಶ್ ಮಾಡಿ ಬೆಳ್ಳಗೆ ಮಾಡ್ತಾರೆ. ಮನ್ನಾರ್ ಸಮುದ್ರದ್ದು ಅಂತ ನಮ್ಮತ್ತೆ ತಲೆ ಮೇಲೆ ಹೊತ್ಕೊಂಡು ಬಂದಿದ್ದು ಅಮೆರಿಕದ ಚಿಪ್ಪು! ಸರ್ಟಿಫಿಕೇಟ್ ತೆಗೆದು ಓದಿದ್ರೆ ಅದ್ರಲ್ಲಿ ಬಲಮುರಿ ಅಂತ ಎಲ್ಲೂ ಇಲ್ಲ, "ನೂರಕ್ಕೆ ನೂರು ನ್ಯಾಚುರಲ್ ಸೀ ಶೆಲ್" ಅಂತ ಇದೆ. ಅದು ಸುಳ್ಳಲ್ವಲ್ಲ, ಅದೇ ಅವ್ರ ಕುತಂತ್ರ.

ಬೀಗರ ಮುಂದೆ ಅತ್ತೆ ಒಂದು ಮಾತೂ ಆಡ್ಲಿಲ್ಲ, ಎದ್ದು ಒಳಗೆ ಹೋದ್ರು. ಅವತ್ತು ಊಟಾನೂ ಮಾಡ್ಲಿಲ್ಲ.

ಆ ಅಂಗಡಿಯವನ ವಾಟ್ಸಾಪ್ ಉತ್ತರಗಳು ಕೇಳಿ. ಫೋಟೋ ಕಳ್ಸಿದೆ. ಮೊದ್ಲು "ನಮಸ್ತೆ ಅಕ್ಕಾ, ಒರಿಜಿನಲ್ ಪೀಸ್ ಅದು." ಏಣಿಲ್ಲ ಅಂದೆ. "ಅದು ಹೆಣ್ಣು ಶಂಖ ಅಕ್ಕಾ, ಹೆಣ್ಣಿಗೆ ಏಣು ಬರಲ್ಲ." ಏನ್ ಮಾತಿದು! ಲೆಕ್ಚರರ್ ನೋಡಿದಾರೆ ಅಂದೆ. "ಕಾಲೇಜು ಪುಸ್ತಕ ಬೇರೆ, ಶಾಸ್ತ್ರ ಬೇರೆ." ವಾಪಸ್ ಕಳಿಸ್ತೀನಿ, ದುಡ್ಡು ಹಾಕಿ ಅಂದೆ. "ಪೂಜೆ ಮಾಡಿದೀರಾ? ಪೂಜೆ ಮಾಡಿದ ಶಂಖ ವಾಪಸ್ ಕೊಟ್ರೆ ನಿಮ್ಮ ಮನೆಗೇ ದೋಷ." ಇದನ್ನ ವಯಸ್ಸಾದೋರು ಕೇಳಿಸ್ಕೊಂಡ್ರೆ ಏನಾಗುತ್ತೆ ಯೋಚ್ನೆ ಮಾಡಿ, ಅತ್ತೆ ಹೆದರಿ "ಬಿಟ್ಬಿಡಮ್ಮ, ಕೇಳ್ಬೇಡ" ಅಂದ್ರು. ನಾನು ಬಿಡ್ಲಿಲ್ಲ. ಕೊನೇಗೆ ಬಂದಿದ್ದು, "ನಂಬಿಕೆ ಇದ್ರೆ ಶಂಖ, ಇಲ್ಲಾಂದ್ರೆ ಚಿಪ್ಪು, ನಿಮ್ಮ ನಂಬಿಕೇಲೇ ಪ್ರಾಬ್ಲಂ ಇದೆ." ಅಷ್ಟೇ, ಬ್ಲಾಕ್. ಮೋಸ ಮಾಡಿದ್ದು ಅವ್ನು, ನಂಬಿಕೆ ಇಲ್ದೋರು ನಾವಂತೆ. ಆ ನಂಬಿಕೆ ಮೇಲೇನೇ ತಾನೇ ಅವ್ನು ದುಡ್ಡು ಮಾಡಿದ್ದು?

ಟ್ರಾವೆಲ್ಸ್ ಆಫೀಸಿಗೆ ಹೋದ್ವಿ. "ನಾವು ಬರೀ ಬಸ್ ನಿಲ್ಸಿದ್ದು, ತಗೊಂಡಿದ್ದು ನೀವೇ ಅಲ್ವಾ ಮೇಡಂ." ಕಮಿಷನ್ ಬಗ್ಗೆ ಕೇಳಿದ್ರೆ ಅಲ್ಲಿದ್ದೋನು ಫೋನ್ ಬಂದಂಗೆ ಮಾಡಿ ಎದ್ದು ಹೋದ.

ನನಗೆ ಇನ್ನೊಂದು ಸಂಕಟ ಆಗೋದು ಆ ದಡದ ಅಜ್ಜಿ ಥರದವ್ರ ಬಗ್ಗೆ. ಚನ್ನಪಟ್ಟಣದ ಬೊಂಬೆ ಅಂತ ಹೈವೇಲಿ ಪ್ಲಾಸ್ಟಿಕ್ ಮಾರಿದ್ರೆ ಅರಗು ಹಚ್ಚಿ ದುಡಿಯೋರ ಹೊಟ್ಟೆ ಮೇಲೆ ಹೊಡೆದಂಗಲ್ವಾ, ಹಂಗೇ ಇದೂ. ಕೈಯಿಂದ ಮಾಡೋರು ಬಿಸಿಲಲ್ಲಿ ಕೂತಿರ್ತಾರೆ, ಕುಶಲಕರ್ಮಿ ಅಂತ ಬೋರ್ಡ್ ಹಾಕ್ಕೊಂಡೋರು ಎಸಿಲಿ ಕೂತಿರ್ತಾರೆ.

ಹೋಗೋರು ಗೈಡ್ ತೋರ್ಸೋ ಅಂಗಡಿಲಿ ಏನೂ ತಗೋಬೇಡಿ. ಶಂಖ ಬೇಕೇ ಬೇಕು ಅಂದ್ರೆ ಸಾದಾ ಊದೋ ಶಂಖ ತಗೊಳ್ಳಿ, ಬೆರಳು ಹಾಕಿ ಏಣು ನೋಡಿ. ಸಾವಿರಗಟ್ಟಲೆ ಹೇಳಿ ಬಲಮುರಿ ಅಂತ ತೋರಿಸಿದ್ರೆ ಎದ್ದು ಬನ್ನಿ. ಜಿಎಸ್‌ಟಿ ಬಿಲ್ ಕೊಡದೋರ ಹತ್ರ ನಿಲ್ಲಲೇಬೇಡಿ. ಹವಳದ ತುಂಡು ಕೊಟ್ರೆ ಮುಟ್ಬೇಡಿ, 2001ರಿಂದ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪಟ್ಟೀಲಿದೆ, ಮಾರಿದೋನು ಆರಾಮಾಗಿರ್ತಾನೆ, ದಾರೀಲಿ ಸಿಕ್ಕಿ ಹಾಕ್ಕೊಳ್ಳೋದು ನೀವು.

ನಾವು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀವಿ. 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವಿರೋ ಜಿಲ್ಲೇಲೇ ಕೇಸ್ ಹಾಕ್ಬಹುದು, ರಾಮೇಶ್ವರಕ್ಕೆ ಅಲೀಬೇಕಾಗಿಲ್ಲ, 5 ಲಕ್ಷದೊಳಗೆ ಫೀಸೂ ಇಲ್ಲ, ಹಾಗಾಗಿ ತುಮಕೂರಲ್ಲೇ ಹಾಕ್ತೀವಿ. ನಮ್ಮ ಬಸ್ಸಲ್ಲಿ ಇನ್ನೂ ಸುಮಾರು ಜನ ಅದೇ ಕಪಾಟಿನ ಶಂಖ ತಗೊಂಡಿದ್ರು, ಕ್ಯಾತ್ಸಂದ್ರದೋರು, ಗುಬ್ಬಿ ಕಡೆಯೋರು ಇದ್ರು. ನೀವು ಇದನ್ನ ಓದ್ತಿದ್ರೆ ಮೊದ್ಲು ಶಂಖದೊಳಗೆ ಬೆರಳಿಟ್ಟು ನೋಡಿ, ಎಸ್ಟಿಮೇಟ್ ಚೀಟಿ ಬಿಸಾಕ್ಬೇಡಿ, ಫೋನ್‌ಪೇ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ನನಗೆ ಮೆಸೇಜ್ ಮಾಡಿ, ಒಟ್ಟಿಗೆ ಹಾಕೋಣ.