ಪ್ಯಾನಸಾನಿಕ್ ಆರ್‌ಎಫ್-2200: ಆ ತಿರುಗುವ ಆಂಟೆನಾ ಒಂದು ಸಾಕು

ನನ್ನ ರೇಡಿಯೋ ಹುಚ್ಚು ಹೈಸ್ಕೂಲಿನಿಂದ ಬಂದದ್ದು. ಮರ್ಫಿ, ಬುಷ್, ಫಿಲಿಪ್ಸಿನ ವಾಲ್ವ್ ಸೆಟ್ಟುಗಳೆಲ್ಲ ಬೀರುವಿನಲ್ಲಿವೆ. ಅವು ನೋಡೋಕೆ ಚೆಂದ. ದಿನಾ ಸಂಜೆ ಟೇಬಲ್ಲಿಗೆ ಬರುವುದು ಮಾತ್ರ ಪ್ಯಾನಸಾನಿಕ್‌ನ ಟ್ರಾನ್ಸಿಸ್ಟರ್ ರೇಡಿಯೋ ಆರ್‌ಎಫ್-2200. 1970ರ ದಶಕದಲ್ಲಿ ಜಪಾನಿನ ಹುಡುಗರೆಲ್ಲ ದೂರದ ಸ್ಟೇಷನ್ ಹಿಡಿಯುವ ಗೀಳಿಗೆ ಬಿದ್ದಿದ್ದಾಗ ಬಂದ ಸೆಟ್ಟು. ಅಲ್ಲಿ ಇದಕ್ಕೆ ಕೂಗರ್ ಅಂತ ಹೆಸರು. ಬ್ಯಾಂಡ್ ಎಷ್ಟು, ತೂಕ ಎಷ್ಟು ಅನ್ನುವ ಪಟ್ಟಿ ಇಲ್ಲಿ ಬೇಡ, ಬಿಡಿ.

ನಾನು ಹೇಳಬೇಕಿರುವುದು ನೆತ್ತಿಯ ಮೇಲಿನ ಆ ಆಂಟೆನಾದ ವಿಷಯ. ಎಲ್ಲ ಟ್ರಾನ್ಸಿಸ್ಟರುಗಳಲ್ಲೂ ಮೀಡಿಯಂ ವೇವ್‌ಗೆ ಒಂದು ಫೆರೈಟ್ ಕಡ್ಡಿ, ಅಂದರೆ ತಂತಿ ಸುತ್ತಿದ ಕಪ್ಪು ಕಡ್ಡಿ, ಆಂಟೆನಾ ಆಗಿ ಒಳಗಿರುತ್ತದೆ. ಸ್ಟೇಷನ್ ಸರಿಯಾಗಿ ಕೇಳಬೇಕಾದರೆ ಇಡೀ ರೇಡಿಯೋವನ್ನೇ ತಿರುಗಿಸಿ ಇಡಬೇಕು. ಆಮೇಲೆ ಡಯಲ್ಲು ಗೋಡೆ ಕಡೆ, ನಾವು ಈ ಕಡೆ. ಇದರಲ್ಲಿ ಕಡ್ಡಿಯನ್ನು ಮೇಲಕ್ಕೆತ್ತಿ ಅದನ್ನಷ್ಟೇ ಸುತ್ತಿಸಬಹುದು. ಕಡ್ಡಿಯ ತುದಿ ಯಾವ ಕಡೆ ನೋಡುತ್ತದೋ ಆ ಕಡೆಯ ಸ್ಟೇಷನ್ ಅಡಗಿಹೋಗುತ್ತದೆ. ಕಡ್ಡಿಗೆ ಅಡ್ಡಲಾಗಿ ಬಂದದ್ದು ಜೋರಾಗಿ ಕೇಳುತ್ತದೆ.

ಇದರ ರುಚಿ ಹತ್ತಿದ್ದು ಹೀಗೆ. ನಮ್ಮ ಮನೆ ಶಿವಮೊಗ್ಗದಲ್ಲಿ. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್. ಹತ್ತಿರದ ಸ್ಟೇಷನ್, ಮುಳ್ಳನ್ನು ಆಚೆ ಈಚೆ ಸರಿಸಿದರೂ ಅದೇ ಕೇಳುತ್ತದೆ. ಅದರ ಪಕ್ಕದಲ್ಲೇ 684ರಲ್ಲಿ ಕೋಯಿಕ್ಕೋಡ್. ನನ್ನ ಬೇರೆ ಯಾವ ಸೆಟ್ಟಿನಲ್ಲೂ ಅದು ಬಿಡಿಸಿ ಕೇಳಿರಲಿಲ್ಲ. ಒಂದು ರಾತ್ರಿ, ಪಕ್ಕದ ಸ್ಟೇಷನ್ ಒಳನುಗ್ಗದ ಹಾಗೆ ತಡೆಯುವ ಬ್ಯಾಂಡ್ ವಿಡ್ತ್ ಸ್ವಿಚ್ಚನ್ನು ನ್ಯಾರೋಗೆ (ಕಿರಿದಕ್ಕೆ) ಹಾಕಿ, ಕಡ್ಡಿಯ ತುದಿಯನ್ನು ಭದ್ರಾವತಿಗೆ ನೆಟ್ಟಗೆ ಹಿಡಿದೆ. ಭದ್ರಾವತಿಯವರ ದನಿ ಸಣ್ಣಗಾಗುತ್ತಾ ಹೋಗಿ, ಕೆಳಗಿನಿಂದ ಮಲಯಾಳಂ ಎದ್ದು ಬಂತು. ಭದ್ರಾವತಿ ನಮಗೆ ಆಗ್ನೇಯಕ್ಕೆ, ಕೋಯಿಕ್ಕೋಡ್ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ. ಅಷ್ಟು ಓರೆ ಸಿಕ್ಕರೆ ಇದಕ್ಕೆ ಸಾಕು. ನನಗೆ ಮಲಯಾಳಂ ಬರುವುದಿಲ್ಲ. ಆದರೂ ವಾರ್ತೆ ಮುಗಿಯುವವರೆಗೆ ಕೂತಿದ್ದೆ!

ಈಗ ದಿನಾ ಇದೇ ಕೆಲಸ. ಹೊತ್ತು ಮುಳುಗಿದ ಮೇಲೆ, ಹಗಲಲ್ಲಿ ರೇಡಿಯೋ ಅಲೆಗಳನ್ನು ನುಂಗುವ ಆಕಾಶದ ಕೆಳಪದರ ಕರಗಿ ದೂರದ ಮೀಡಿಯಂ ವೇವ್ ಬರಲು ಶುರುವಾಗುತ್ತದೆ. ಆಗ ಗೊರಗೊರ ಸದ್ದು ಬರದಿರಲಿ ಅಂತ ಫ್ಯಾನಿನ ರೆಗ್ಯುಲೇಟರ್ ಆಫ್, ಮೊಬೈಲ್ ಚಾರ್ಜರ್ ಕಿತ್ತು ಪಕ್ಕಕ್ಕೆ, ಡಯಲ್ಲಿನ ದೀಪ ಒಂದು ಸಲ ಹತ್ತಿಸಿ ನೋಡಿ ಆರಿಸುವುದು. ಟ್ಯೂನಿಂಗ್ ಗುಂಡಿಯನ್ನು ನಿಧಾನದ ವೇಗಕ್ಕೆ ಹಾಕಿ ಕೆಳಗಿನಿಂದ ಮೇಲಕ್ಕೆ ಹೋಗುವುದು. ಧಾರವಾಡ 765, ಶ್ರೀಲಂಕಾದ ಪುತ್ತಲಂನಿಂದ ಬರುವ 882, ಹೀಗೆ. ಪ್ರತಿ ಸ್ಟೇಷನ್ನಿಗೂ ಕಡ್ಡಿಗೊಂದು ಓರೆ. ಮೀಟರಿನ ಮುಳ್ಳು ನೋಡಿಕೊಂಡು ಎರಡು ಬೆರಳಲ್ಲಿ ತಿರುಗಿಸುತ್ತಾ ಕೂತರೆ ಅಡುಗೆಮನೆಯಿಂದ "ಊಟಕ್ಕೆ ಬರ್ತೀರಾ, ಇಲ್ಲಾ ಕೋಳಿಕೋಡಿಗೇ ಹೋಗ್ತೀರಾ?" ಅಂತ ಕೇಳಿಬರುತ್ತದೆ.

ಕಳ್ಳನನ್ನು ಹಿಡಿಯುವುದಕ್ಕೂ ಆಯಿತು. ಕಳೆದ ಮಳೆಗಾಲದಲ್ಲಿ ಇಡೀ ಬ್ಯಾಂಡ್ ತುಂಬ ಗೊರ್ ಅನ್ನುವ ಸದ್ದು. ಸದ್ದು ಅಡಗುವ ಓರೆಯನ್ನು ಹುಡುಕಿದೆ, ಆಮೇಲೆ ಸೆಟ್ಟನ್ನು ಇನ್ನೊಂದು ಕೋಣೆಗೆ ಒಯ್ದು ಅಲ್ಲೂ ಹುಡುಕಿದೆ. ಎರಡು ಗೆರೆ ಕೂಡಿದ್ದು ಮೆಟ್ಟಿಲ ಕೆಳಗಿನ ಅಗ್ಗದ ಎಲ್‌ಇಡಿ ಬಲ್ಬಿನ ಹತ್ತಿರ. ಬಲ್ಬ್ ಬದಲಿಸಿದೆ, ಸದ್ದು ಹೋಯಿತು.

ಇನ್ನು ಶಾರ್ಟ್‌ವೇವ್. ಇಲ್ಲಿ ಮನಸ್ಸು ಸ್ವಲ್ಪ ಕಹಿಯಾಗುತ್ತದೆ. ಸೆಟ್ಟಿನ ತಪ್ಪೇನಿಲ್ಲ. ಡಯಲ್ಲನ್ನು ಹೊಂದಿಸಿಕೊಳ್ಳಲು ಒಳಗೇ ಕ್ರಿಸ್ಟಲ್ ಮಾರ್ಕರ್ ಇದೆ, ಅಂದರೆ ಗೊತ್ತಾದ ಅಂಕಿಗಳ ಮೇಲೆ ಗುರುತಿನ ಸಿಗ್ನಲ್ ಕೊಡುವ ವ್ಯವಸ್ಥೆ. ಅದರ ಜೊತೆ ಗೆರೆ ಕೂಡಿಸಿಕೊಂಡರೆ ಡಿಜಿಟಲ್ ಅಂಕಿ ಇಲ್ಲದೆಯೂ ಬೇಕಾದ ಜಾಗಕ್ಕೆ ಹೋಗಿ ನಿಲ್ಲಬಹುದು. ಹೋಗಿ ನಿಂತರೆ ಅಲ್ಲಿ ಯಾರಿದ್ದಾರೆ? ರೇಡಿಯೋ ನೆದರ್‌ಲ್ಯಾಂಡ್ಸ್ 2012ರಲ್ಲೇ ಹೋಯಿತು. ರೇಡಿಯೋ ಆಸ್ಟ್ರೇಲಿಯಾ 2017ರಲ್ಲಿ ಶಾರ್ಟ್‌ವೇವ್ ನಿಲ್ಲಿಸಿತು. ಬಿಬಿಸಿ ಹಿಂದಿ 2020ರ ಜನವರಿ ಕೊನೆಗೆ. ಚೀನಾದವರು ಮಾತ್ರ ಎಲ್ಲಿ ನೋಡಿದರೂ ಸಿಗುತ್ತಾರೆ. ಆರು ಶಾರ್ಟ್‌ವೇವ್ ಬ್ಯಾಂಡಿಗೆ ಅಂತ ಇವತ್ತು ಯಾರಾದರೂ ಈ ಸೆಟ್ಟಿಗೆ ದುಡ್ಡು ಹಾಕುವುದಾದರೆ ನಾನು ಬೇಡ ಅನ್ನುತ್ತೇನೆ. ಆಕಾಶವಾಣಿಯ ಡಿಆರ್‌ಎಂ ಅನ್ನುವ ಡಿಜಿಟಲ್ ಪ್ರಸಾರವೂ ಈ ಹಳೆಯ ಸೆಟ್ಟಿನಲ್ಲಿ ಬರೀ ಭುಸ್ ಅನ್ನುವ ಸದ್ದು.

ಖರ್ಚಿನ ಮಾತು. ಟಾರ್ಚಿಗೆ ಹಾಕುವ ದಪ್ಪ ಸೆಲ್ ನಾಲ್ಕು ಬೇಕು, ಅವು ನಮ್ಮ ಕಡೆಯ ಅಂಗಡಿಗಳಲ್ಲಿ ಈಗ ಸುಲಭಕ್ಕೆ ಸಿಗುವುದಿಲ್ಲ. ಪೆನ್ಸಿಲ್ ಸೆಲ್ಲನ್ನು ದೊಡ್ಡದು ಮಾಡುವ ಪ್ಲಾಸ್ಟಿಕ್ ಡಬ್ಬಿಗೆ ಚಾರ್ಜಬಲ್ ಸೆಲ್ ಹಾಕಿಕೊಂಡು ನಡೆಸುತ್ತಿದ್ದೇನೆ. ವಿದೇಶದಿಂದ ತರಿಸಿದ್ದರಿಂದ ಸೆಟ್ಟಿಗಿಂತ ಸಾಗಣೆ ಮತ್ತು ಕಸ್ಟಮ್ಸ್ ಸುಂಕವೇ ಜಾಸ್ತಿ ಕಾಡಿತು. ನನ್ನಂಥ ಪೆನ್ಷನ್‌ದಾರ ಎರಡು ವರ್ಷ ಬೇರೆ ಸೆಟ್ಟಿನ ಆಸೆ ಬಿಡಬೇಕಾಯಿತು. ಬಿಟ್ಟೆ, ಬೇಜಾರಿಲ್ಲ.

ನೀವು ಕೊಳ್ಳುವುದಾದರೆ ಎರಡು ವಿಷಯ ಕೇಳಿಕೊಳ್ಳಿ. ಜಪಾನಿನ ಒಳಗೇ ಮಾರಿದ ಸೆಟ್ಟಾದರೆ ಎಫ್‌ಎಂ 90 ಮೆಗಾಹರ್ಟ್ಸಿಗೇ ಮುಗಿಯುತ್ತದೆ, ಬೆಂಗಳೂರಿನ ವಿವಿಧ ಭಾರತಿ 102.9 ಅದರಲ್ಲಿ ಕನಸು. ಅಲ್ಲಿನ ಕರೆಂಟು 100 ವೋಲ್ಟ್, ನಮ್ಮ ಪ್ಲಗ್ಗಿಗೆ ನೇರ ಚುಚ್ಚಿದರೆ ಹೊಗೆಯೇ ಗತಿ. ಇನ್ನೊಂದು, ಮೀಡಿಯಂ ವೇವ್ ಸ್ಟೇಷನ್ ಹಾಕಿ ಕಡ್ಡಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿದ ವಿಡಿಯೋ ಕಳಿಸಲು ಹೇಳಿ. ಸುತ್ತಿನಲ್ಲಿ ಎರಡು ಕಡೆ ದನಿ ಇಳಿಯಬೇಕು. ಇಳಿಯದಿದ್ದರೆ ದುಡ್ಡು ಕಳಿಸಬೇಡಿ.